ಮಗ್ಗದ ಗುಂಡಿಯ ಆಚೆ ಈಚೆ

ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವನು ಗೇಟಿನಲ್ಲಿ ತಮಿಳ, ಅಡುಗೆಮನೆಯಲ್ಲಿ ಕನ್ನಡಿಗ. ಇದನ್ನು ಕಂಡುಹಿಡಿದವಳು ನಾನು. ಈ ಸಂಶೋಧನೆಯಿಂದ ಮನೆಗೆ ಒಳ್ಳೆಯದೇನೂ ಆಗಲಿಲ್ಲ.

ಕೊಯಮತ್ತೂರಿನಲ್ಲಿ, ಸಿಂಗಾನಲ್ಲೂರಿನ ಕೆರೆಗೆ ಹೆಚ್ಚು ದೂರವಲ್ಲದ ಒಂದು ಬೀದಿಯಲ್ಲಿ ನಮ್ಮ ಮನೆ. ಕನ್ನಡ ಮನೆಮಾತಿನ ನೇಕಾರರು ಕಟ್ಟಿಸಿದ್ದು, ಅಗಲ ಕಡಿಮೆ, ಉದ್ದ ಜಾಸ್ತಿ. ಮುಂದೆ ಬೀದಿಕೋಣೆ, ನಡುವೆ ಮಗ್ಗವಿದ್ದ ನಡುಮನೆ, ಹಿಂದೆ ಅಡುಗೆಮನೆ, ಮೂರೂ ಒಂದೇ ಗೆರೆಯಲ್ಲಿ. ನಡುಮನೆಯ ನೆಲದಲ್ಲಿ ಅಪ್ಪ ಕಾಲು ಇಳಿಬಿಟ್ಟುಕೊಂಡು ನೇಯುತ್ತಿದ್ದ ಗುಂಡಿ ಇನ್ನೂ ಇದೆ. ಮಗ್ಗ ಹೋಗಿ ಎಷ್ಟೋ ವರ್ಷವಾಯಿತು. ಗುಂಡಿಯನ್ನು ಮುಚ್ಚಿಸಲು ಅವ್ವ ಬಿಡಲಿಲ್ಲವಾದ್ದರಿಂದ ಅದರ ಮೇಲೆ ಬೇವಿನ ಹಲಗೆ ಹಾಕಿದ್ದೇವೆ. ಯಾರು ನಡೆದರೂ ಡಬ್ ಎನ್ನುತ್ತದೆ.

ಈ ಮನೆಯಲ್ಲಿ ಐದು ಜನ: ಅವ್ವ, ನಾನು, ನನ್ನ ತಮ್ಮ, ಅವನ ಹೆಂಡತಿ, ಅವರ ಎರಡೂವರೆ ವರ್ಷದ ಮಗಳು. ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಮೈಸೂರಿನಲ್ಲಿ ಎರಡು ವರ್ಷ ಓದುವಾಗ ಬಸ್ಸಿನ ಬೋರ್ಡು ಓದಲಾರದೆ ಮೂರು ಸಲ ತಪ್ಪು ಊರಿಗೆ ಹೋಗಿ, ಸಿಟ್ಟಿನಲ್ಲಿ ಕಲಿತದ್ದು. ಉಳಿದವರಿಗೆ ಕನ್ನಡ ನಾಲಿಗೆಯಲ್ಲಿದೆ, ಕಣ್ಣಲ್ಲಿಲ್ಲ. ಹಾಗಾಗಿ ಇಲ್ಲಿ ಬರೆಯುವುದನ್ನು ಮನೆಯವರು ಯಾರೂ ಓದಲಾರರು ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನನ್ನ ಕೆಲಸ ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವುದು. ವರ್ಷಕ್ಕೊಮ್ಮೆ ಪಲ್ಲಡದ ಕಡೆಯ ಹ್ಯಾಚರಿಯಿಂದ ಕಾವಿಗಿಡುವ ಮೊಟ್ಟೆ ತರುತ್ತೇನೆ. ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ ಕಂಡಕ್ಟರ್ ಪ್ರತಿ ಸಲವೂ ಆಮ್ಲೆಟ್ಟಿನ ಮಾತೆತ್ತುತ್ತಾನೆ, ನಾನು ಪ್ರತಿ ಸಲವೂ ನಗದೆ ಕೂರುತ್ತೇನೆ. ಮೂರು ದಿನ ಕಾವು ಕೊಟ್ಟು, ಚಿಪ್ಪಿನಲ್ಲಿ ಉಗುರಿನಷ್ಟು ಕಿಟಕಿ ಕೊರೆದರೆ ಹಳದಿಯ ಮೇಲೆ ಕೆಂಪು ಚುಕ್ಕಿಯೊಂದು ಮಿಡಿಯುತ್ತಿರುತ್ತದೆ. ತರಗತಿಯಲ್ಲಿ ಮೊಬೈಲು ನೋಡುತ್ತಿದ್ದವರೂ ಆಗ ತಲೆಯೆತ್ತುತ್ತಾರೆ.

ಆಮೇಲೆ ನಾನು ಕೇಳುವ ಪ್ರಶ್ನೆ ಒಂದೇ. ಈ ಚುಕ್ಕಿಯ ಸುತ್ತ ಇರುವ ಜೀವಕೋಶಗಳೆಲ್ಲ ಒಂದೇ ಪುಸ್ತಕ ಓದಿಕೊಂಡು ಬಂದಿವೆ. ಮೇಸ್ತ್ರಿ ಇಲ್ಲ, ನಕ್ಷೆ ಹಿಡಿದು ನಿಂತವರಿಲ್ಲ. ಹಾಗಿದ್ದೂ ನೀನು ರೆಕ್ಕೆಯ ತುದಿ, ನೀನು ಬುಡ ಎಂದು ಅವಕ್ಕೆ ತಿಳಿಯುವುದು ಹೇಗೆ? ಉತ್ತರ ಹೇಳಲು ನನಗೆ ಹುರುಳಿಕಾಳು ಬೇಕು. ಅಡುಗೆಮನೆಯಲ್ಲಿ ಹುರುಳಿ ಬೇಯುತ್ತಿದೆ ಅನ್ನಿ. ಒಲೆಯ ಹತ್ತಿರ ಇದ್ದವಳು ಬೆಳ್ಳುಳ್ಳಿ ಹೆಚ್ಚಾಯಿತು ಅನ್ನುತ್ತಾಳೆ. ನಡುಮನೆಯಲ್ಲಿದ್ದವನು ಹುರುಳಿ ಅನ್ನುತ್ತಾನೆ. ಗೇಟಿನಲ್ಲಿದ್ದವನು ಏನೋ ಬೇಯುತ್ತಿದೆ ಅನ್ನುತ್ತಾನೆ. ಯಾರೂ ಎದ್ದು ಹೋಗಿ ನೋಡಲಿಲ್ಲ, ಆದರೂ ಒಲೆಯಿಂದ ಎಷ್ಟು ದೂರ ಎಂದು ಎಲ್ಲರಿಗೂ ಗೊತ್ತಾಯಿತು. ಭ್ರೂಣದಲ್ಲೂ ಅಷ್ಟೇ. ಒಂದು ಮೂಲೆಯ ಕೋಶಗಳು ಒಂದು ವಸ್ತುವನ್ನು ಬಿಡುತ್ತವೆ, ಅದು ಹರಡುತ್ತಾ ತೆಳುವಾಗುತ್ತದೆ. ಒಂದೊಂದು ಕೋಶವೂ ತನಗೆ ಎಷ್ಟು ತಲುಪಿತು ಎಂದು ನೋಡಿಕೊಂಡು ತಾನು ಏನಾಗಬೇಕೆಂದು ತೀರ್ಮಾನಿಸುತ್ತದೆ.

ಈ ಪಾಠ ಮಾಡಿ ಬಂದ ಒಂದು ಸಂಜೆಯೇ ಸಿಲಿಂಡರಿನವನು ಬಂದದ್ದು. ಗೇಟಿನಲ್ಲಿ ಆತ "ಅಮ್ಮಣಿ, ಸಿಲಿಂಡರುಂಗ" ಎಂದ. ಹಲಗೆಯ ಹತ್ತಿರ ಬಂದಾಗ "ಪಾತ್ತು, ಪಾತ್ತು, ಹಲಗೆ ಆಡ್ತದೆ" ಎಂದು ತನಗೆ ತಾನೇ ತಮಿಳು ಕನ್ನಡ ಬೆರೆಸಿ ಎಚ್ಚರಿಕೆ ಹೇಳಿಕೊಂಡ. ಅಡುಗೆಮನೆಗೆ ಹೋಗಿ "ಎಲ್ಲಿ ಇಡ್ಲವ್ವಾ?" ಎಂದ. ಆತನ ಮನೆಯಲ್ಲೂ ಕನ್ನಡವೇ, ಸೂಲೂರಿನ ಆಚೆ ಹೊಲವಿದ್ದ ಗೌಡರ ಪೈಕಿ ಎಂದು ತಿಳಿದದ್ದೂ ಅಡುಗೆಮನೆಯಲ್ಲಿಯೇ. ಖಾಲಿ ಸಿಲಿಂಡರ್ ಹೊತ್ತು ವಾಪಸು ಹೋಗುವಾಗ ಒಂದೊಂದೇ ಹೆಜ್ಜೆಗೆ ಕನ್ನಡ ಇಳಿದು, ಗೇಟಿನಲ್ಲಿ "ವರನುಂಗ" ಎಂದು ಪೂರ್ತಿ ತಮಿಳನಾಗಿ ಹೊರಟುಹೋದ.

ಆಗ ನನಗೆ ಹೊಳೆಯಿತು. ಅವ್ವ ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಾಳೆ. ಆಕೆಯಿಂದ ಹೊರಟ ಕನ್ನಡ ನಡುಮನೆಗೆ ಬರುವಷ್ಟರಲ್ಲಿ ಅರ್ಧ, ಬೀದಿಕೋಣೆಗೆ ಕಾಲು, ಗೇಟಿನಲ್ಲಿ ಸೊನ್ನೆ. ನಾನೂ ತಮ್ಮನೂ ಅಡುಗೆಮನೆಯಲ್ಲಿ ಕನ್ನಡದಲ್ಲಿ ಶುರುಮಾಡಿದ ಜಗಳ ಬೀದಿಕೋಣೆಗೆ ಬರುವಾಗ ತಮಿಳಾಗಿರುತ್ತದೆ. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಗಮನಿಸಿರಲಿಲ್ಲ. ನೋಟ್‌ಬುಕ್ಕು ತೆಗೆದೆ. ನೆಲದಲ್ಲಿ ಹಲಗೆಯ ಪಕ್ಕ ಸೀಮೆಸುಣ್ಣದಿಂದ ಗೆರೆ ಹಾಕಿದೆ. ಮುಂದಿನ ಸಲ ಸಿಲಿಂಡರಿನವನು ಬಂದಾಗ ಸರಿಯಾಗಿ ಹಲಗೆಯ ಮೇಲೆ ಅವನನ್ನು ತಡೆದು ನಿಲ್ಲಿಸಿ, ಯಾವ ಭಾಷೆಯನ್ನೂ ಬಳಸದೆ, ಏನು ಸಮಾಚಾರ ಎಂಬಂತೆ ಕೈ ಆಡಿಸಿದೆ. ಹೆಗಲ ಮೇಲೆ ತುಂಬಿದ ಸಿಲಿಂಡರ್ ಹೊತ್ತ ಆತ ನನ್ನನ್ನೇ ನೋಡುತ್ತಾ ನಿಂತ. ಕೊನೆಗೆ "ಹಾಂ" ಎಂದ. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಇಷ್ಟರಲ್ಲೇ ನಿಂತಿದ್ದರೆ ಇದು ಒಬ್ಬ ಮೇಡಮ್ಮಿನ ಹುಚ್ಚಾಟವಾಗಿ ಮುಗಿಯುತ್ತಿತ್ತು. ಆದರೆ ತಮ್ಮನ ಮಗಳು ಮಾತಾಡುತ್ತಿರಲಿಲ್ಲ. ಎರಡೂವರೆ ವರ್ಷ ತುಂಬಿದರೂ ಅಮ್ಮ ಎನ್ನಲಿಲ್ಲ, ಅಪ್ಪ ಎನ್ನಲಿಲ್ಲ. ಕಿವಿ ಚೆನ್ನಾಗಿದೆ, ಸ್ವಲ್ಪ ಕಾಯಿರಿ ಎಂದರು ಡಾಕ್ಟರು. ತಮ್ಮನ ಹೆಂಡತಿ ಕಾಯುವ ಜಾತಿಯವಳಲ್ಲ. ಬಟ್ಟೆ ಒಣಹಾಕುವಾಗ ಒದ್ದೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಳುವುದನ್ನು ಎರಡು ಸಲ ನೋಡಿದೆ. ಅವಳ ಭಯ ತಮಾಷೆಯದಲ್ಲ. ಮಗು ಎದುರಿಗೇ ಕೂತು, ಎಲ್ಲ ಅರ್ಥವಾದಂತೆ ನಮ್ಮನ್ನು ನೋಡುತ್ತಾ, ತುಟಿ ಬಿಗಿದುಕೊಂಡಿರುತ್ತಿತ್ತು.

ಪ್ಲೇಸ್ಕೂಲಿನ ಮಿಸ್ ಒಂದು ದಿನ ತಮ್ಮನನ್ನು ಕರೆದು, ಮನೆಯಲ್ಲಿ ಎರಡೆರಡು ಭಾಷೆ ಬಳಸಿದರೆ ಮಗು ಹೇಗೆ ಮಾತಾಡೀತು, ಒಂದೇ ಇಟ್ಟುಕೊಳ್ಳಿ ಎಂದರಂತೆ. ಅಂದು ನಡುಮನೆಯಲ್ಲಿ ನಾವೆಲ್ಲ ಕೂತೆವು. ತಮ್ಮ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಬಣ್ಣ ಹಾಕಿ ಬಂದ ಬಟ್ಟೆಯ ಶೇಡು ಪರೀಕ್ಷಿಸುವವನು. ಎರಡು ಕಡೆ ಎರಡು ಬಣ್ಣ ಕಂಡರೆ ಅವನ ಕೈ ತಾನಾಗಿ ರಿಜೆಕ್ಟ್ ಎಂದು ಬರೆಯುತ್ತದೆ. "ಅಕ್ಕಾ, ನೀನು ಓದಿದವಳು, ನೀನೇ ಹೇಳು" ಎಂದ.

ಓದಿದವಳು ಎಂದಕೂಡಲೇ ನನಗೆ ಕೋಡು ಬಂತು. ಹುರುಳಿಕಾಳಿನಿಂದ ಶುರುಮಾಡಿ ಕೋಳಿಮೊಟ್ಟೆಯವರೆಗೆ ಎಲ್ಲ ಹೇಳಿ, ಕೊನೆಗೆ, "ಜೀವಕೋಶಕ್ಕೆ ಎರಡು ಕಡೆಯಿಂದ ಎರಡು ಸಂದೇಶ ಬಂದರೆ ಗೊಂದಲವಾಗುತ್ತದೆ" ಎಂದೆ. ಅದನ್ನು ಏಕೆ ಹೇಳಿದೆನೋ. ವಾಕ್ಯ ಚೆನ್ನಾಗಿ ಬರುತ್ತಿತ್ತು, ಮುಗಿಸಬೇಕಿತ್ತು, ಅಷ್ಟೇ ಕಾರಣ. ಅದೇ ತೀರ್ಪಾಯಿತು. ಬೀದಿ, ಶಾಲೆ, ಆಸ್ಪತ್ರೆ ಎಲ್ಲ ತಮಿಳಾದ್ದರಿಂದ ಉಳಿಯಬೇಕಾದದ್ದು ತಮಿಳು. ಮಗು ಮಾತು ಕಲಿಯುವವರೆಗೆ ಅವ್ವ ಅದರೊಂದಿಗೆ ಕನ್ನಡದಲ್ಲಿ ಮಾತಾಡಬಾರದು.

"ನಾನೇನ್ ಇಸ ಕೊಡ್ತೀನಾ? ಮಾತು ತಾನೇ" ಎಂದಳು ಅವ್ವ.

"ನೀನು ತಮಿಳಲ್ಲೇ ಮಾತಾಡವ್ವಾ. ನಿನಗೆ ಬರ್ತದಲ್ಲ" ಎಂದ ತಮ್ಮ.

"ಬರ್ತದೆ. ಅಂಗಡಿಯವನತ್ರ ಮಾತಾಡಂಗೆ ಮೊಮ್ಮಗಳತ್ರ ಮಾತಾಡಕ್ಕಾಗಲ್ಲ ಸಾಮಿ. ನಾನು ಮಾತೇ ಆಡಲ್ಲ. ಮಗು ಆಡ್ಲಿ, ಸಾಕು."

ಇಷ್ಟು ಹೇಳಿ ಎದ್ದು, ಹಲಗೆಯ ಮೇಲೆ ಡಬ್ ಎನ್ನಿಸಿ ಅಡುಗೆಮನೆಗೆ ಹೋದಳು. ನಾನು ನೋಟ್‌ಬುಕ್ಕು ಎತ್ತಿಕೊಂಡು ಬೀದಿಕೋಣೆಗೆ ಹೋದೆ.

ಹಲಗೆಯೇ ಗಡಿಯಾಯಿತು. ಮಗು ಈಚೆ, ಅವ್ವ ಆಚೆ. ನಾನು ಸಂಶೋಧನೆಗೆಂದು ಹಾಕಿದ್ದ ಸೀಮೆಸುಣ್ಣದ ಗೆರೆಯನ್ನು ತಮ್ಮ ಇನ್ನಷ್ಟು ದಪ್ಪ ಮಾಡಿದ. ಅವ್ವ ಗೆರೆ ದಾಟಲಿಲ್ಲ, ಮಗುವಿಗೆ ಒಂದು ಮಾತೂ ಹೇಳಲಿಲ್ಲ. ಆದರೆ ಪಾತ್ರೆಗಳೊಂದಿಗೆ ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ. ಮಿಕ್ಸಿಗೆ ಬೈದಳು, ಕುಕ್ಕರಿಗೆ ಬುದ್ಧಿ ಹೇಳಿದಳು. ಬದನೆಕಾಯಿಗೆ ಅದರ ವಂಶದ ಕತೆ ಹೇಳಿದಳು. ಮೊದಲಿಗಿಂತ ಗಟ್ಟಿಯಾಗಿ ಹೇಳಿದಳು. ತಮ್ಮ ಗಡಿಯ ಈಚೆ ನಿಂತು, "ಅಕ್ಕಾ, ಕನ್ನಡ ಸೋರ್ತಿದೆ" ಎಂದ.

ಮರುದಿನ ಕಂಪನಿಯಿಂದ ರಿಜೆಕ್ಟ್ ಆದ ಬಟ್ಟೆ ತಂದು ನಡುಮನೆಗೂ ಅಡುಗೆಮನೆಗೂ ನಡುವೆ ಪರದೆ ಕಟ್ಟಿದ. ಬಣ್ಣದ ತೊಟ್ಟಿಯಲ್ಲಿ ಏನೋ ಎಡವಟ್ಟಾಗಿ ಆ ಬಟ್ಟೆ ಒಂದು ಅಂಚಿನಲ್ಲಿ ಕಡುನೀಲಿ, ಬರುಬರುತ್ತಾ ತಿಳಿಯಾಗಿ ಇನ್ನೊಂದು ಅಂಚಿನಲ್ಲಿ ಬರೀ ಬಿಳಿ. ನನ್ನ ಇಡೀ ಪಾಠವನ್ನು ಯಾರೋ ಬಾಗಿಲಿಗೆ ನೇತುಹಾಕಿದ್ದರು. ಬನಿಯನ್ ಬಟ್ಟೆ ಶಬ್ದವನ್ನು ತಡೆಯುವುದಿಲ್ಲ ಎಂದು ತಮ್ಮನಿಗೆ ಹೇಳಿದೆ. ಎರಡು ಪದರ ಕಟ್ಟಿದ. ಸಿಲಿಂಡರಿನವನು ಆ ತಿಂಗಳು ಪರದೆಯಲ್ಲಿ ಸಿಕ್ಕಿಕೊಂಡು, ಒಳಗಿನಿಂದ ಎರಡೂ ಭಾಷೆಯಲ್ಲಿ ಅವ್ವನನ್ನು ಕೂಗಿದ. ಮಗು ಮಾತ್ರ ಬಾಯಿ ಬಿಡಲಿಲ್ಲ.

ಎರಡು ತಿಂಗಳು ಹೀಗೆ ಹೋದ ಮೇಲೆ ಅವ್ವ ಅಡುಗೆಮನೆಯ ಮೆಟ್ಟಿಲಲ್ಲಿ ಜಾರಿ ಮಂಡಿಗೆ ಪೆಟ್ಟುಮಾಡಿಕೊಂಡಳು. ಮೆಟ್ಟಿಲು ಹತ್ತಿಳಿಯಬಾರದು ಎಂದರು ಡಾಕ್ಟರು. ಕುರ್ಚಿಯಂತೆ ಕೂರುವ ಕಕ್ಕಸು ಇರುವುದು ಬೀದಿಕೋಣೆಯ ಪಕ್ಕದಲ್ಲಿ ಮಾತ್ರ. ಹಾಗಾಗಿ ಅವ್ವನ ಮಂಚವನ್ನು ಗೇಟಿನ ಕಡೆಯ ಕಿಟಕಿಯ ಪಕ್ಕಕ್ಕೆ ತಂದು ಹಾಕಬೇಕಾಯಿತು. ಮಂಚದ ಒಂದು ಕಾಲು ಹಿಡಿದುಕೊಂಡಿದ್ದ ನನಗೆ ಥಟ್ಟನೆ ಹೊಳೆಯಿತು. ಇದು ಪುಸ್ತಕದ ಪ್ರಯೋಗ.

ಮೊಳಕೆಯಷ್ಟಿರುವ ಕೋಳಿರೆಕ್ಕೆಯ ಒಂದು ಅಂಚಿನಲ್ಲಿ ಸಂದೇಶ ಬಿಡುವ ಚಿಟಿಕೆಯಷ್ಟು ಕೋಶಗಳಿರುತ್ತವೆ. ಅವನ್ನು ಕಿತ್ತು, ಇನ್ನೊಂದು ಭ್ರೂಣದ ರೆಕ್ಕೆಯ ಎದುರು ಅಂಚಿಗೆ ನಾಟಿದರೆ, ಆ ರೆಕ್ಕೆಗೆ ಸಂದೇಶ ಎರಡೂ ಕಡೆಯಿಂದ ಬರತೊಡಗುತ್ತದೆ. ಮೂರು ಬೆರಳು ಮೂಡಬೇಕಾದಲ್ಲಿ ಆರು ಮೂಡುತ್ತವೆ, ಒಂದು ಅರ್ಧ ಇನ್ನೊಂದರ ಕನ್ನಡಿಬಿಂಬ. ನಮ್ಮ ಮನೆಗೂ ಅದೇ ಆಯಿತು. ಕಿಟಕಿಯಲ್ಲಿ ಕೂತ ಅವ್ವ ಪಾತ್ರೆಗಳಿಲ್ಲದ್ದರಿಂದ ಬೀದಿಯೊಂದಿಗೆ ಮಾತಾಡಿದಳು. ಒಂದು ವಾರದಲ್ಲಿ ಹೂವಿನವಳು "ಎಂಗಿದೀ ಅವ್ವಾ" ಎನ್ನತೊಡಗಿದಳು. ಪಾರ್ಸಲ್ ತಂದವನು ಸಹಿ ಹಾಕಿಸಿಕೊಳ್ಳುವ ಮೊದಲು ಊಟ ಆಯಿತೇ ಇಲ್ಲವೇ ಎಂದು ಕನ್ನಡದಲ್ಲಿ ಒಪ್ಪಿಸಬೇಕಾಯಿತು. ಎದುರುಮನೆಯ ಮೇಷ್ಟರು, ಹುಟ್ಟು ತಮಿಳರು, "ಬಾರೀ ಕೂತ್ಕೋರೀ" ಎಂದು ನನ್ನನ್ನೇ ನಮ್ಮ ಮನೆಗೆ ಸ್ವಾಗತಿಸಿದರು. ಅತ್ತ ಅಡುಗೆಮನೆಯಲ್ಲಿ ಅವ್ವ ಇಲ್ಲದಿದ್ದರೂ ಕನ್ನಡ ಇಳಿದಿರಲಿಲ್ಲ. ತಮ್ಮನ ಹೆಂಡತಿ ಆ ಒಲೆಯ ಮುಂದೆ ನಿಂತರೆ ಸಾಕು, ಮಗು ಹತ್ತಿರವಿಲ್ಲದಿದ್ದಾಗ ಬಾಯಿ ತಾನಾಗಿ ಆ ಕಡೆ ತಿರುಗುತ್ತಿತ್ತು, ಮಿಕ್ಸಿಗೆ ಅವಳೂ ಬೈಯುತ್ತಿದ್ದಳು. ಎರಡು ತುದಿಯಲ್ಲೂ ಕನ್ನಡ. ತಮಿಳು ಉಳಿದದ್ದು ನಡುಮನೆಯಲ್ಲಿ ಮಾತ್ರ. ತಮ್ಮ ಮಗುವನ್ನು ಎತ್ತಿಕೊಂಡು ಹಲಗೆಯ ಮೇಲೆ ಚಾಪೆ ಹಾಸಿ ಕೂತ. ಅತ್ತ ದರಿ, ಇತ್ತ ಪುಲಿ.

ಅಷ್ಟಾದರೂ ಅವ್ವ ಮಗುವಿಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಮಗು ಚಾಪೆಯಿಂದ ತಪ್ಪಿಸಿಕೊಂಡು ಮಂಚದ ಹತ್ತಿರ ಬಂದರೆ, ಬೀದಿಯವರೊಂದಿಗೆ ಆಡುತ್ತಿದ್ದ ಮಾತನ್ನೂ ನಿಲ್ಲಿಸಿಬಿಡುತ್ತಿದ್ದಳು. ಮಗು ಅವ್ವನ ಬಳೆ ತಿರುಗಿಸುತ್ತಾ ನಿಲ್ಲುತ್ತಿತ್ತು, ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಕಾಲೇಜಿಗೆ ಅರ್ಧ ಗಂಟೆ ಮೊದಲೇ ಹೊರಟುಬಿಡುತ್ತಿದ್ದೆ.

ಅವ್ವ ಬಿದ್ದ ಎರಡನೇ ತಿಂಗಳಲ್ಲಿ ಬಂದ ಪಾಠ ಬೆನ್ನುಹುರಿಯದು. ಹದಿನೆಂಟು ವರ್ಷದಿಂದ ಅದೇ ಪಾಠ, ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಬೆನ್ನುಹುರಿಯಾಗಬೇಕಾದ ಸಣ್ಣ ಕೊಳವೆಯ ಚಿತ್ರ ಬರೆದು, ಮೇಲಿನಿಂದ ಒಂದು ಸಂದೇಶ ಇಳಿಯುತ್ತದೆ, ಕೆಳಗಿನಿಂದ ಇನ್ನೊಂದು ಏರುತ್ತದೆ, ನಡುವಿನ ಕೋಶ ಎರಡನ್ನೂ ಓದಿಕೊಂಡು ತನ್ನ ಜಾಗವನ್ನು ಗುರುತಿಸಿಕೊಳ್ಳುತ್ತದೆ ಎಂದೆ. ಒಂದು ಹುಡುಗಿ ಎದ್ದು, "ಗೊಂದಲ ಆಗೋದಿಲ್ಲವಾ ಮೇಡಂ?" ಎಂದು ಕೇಳಿದಳು. "ಇಲ್ಲ, ಎರಡೂ ಇದ್ದರೇ ಜಾಗ ಇನ್ನೂ ಚೆನ್ನಾಗಿ ತಿಳಿಯುತ್ತದೆ" ಎಂದೆ. ಹೇಳಿ ಮುಗಿಸಿದ ಮೇಲೆ ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಹದಿನೆಂಟು ವರ್ಷ ನಾನು ಊರವರ ಮಕ್ಕಳಿಗೆ ಸರಿಯಾದದ್ದನ್ನು ಹೇಳಿ, ಮನೆಯಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟಾಗ ಅದಕ್ಕೆ ತದ್ವಿರುದ್ಧ ಹೇಳಿದ್ದೆ. ಕೋಳಿಮರಿಯ ಬೆನ್ನಿನಿಂದ ಮಗುವಿನ ನಾಲಿಗೆಗೆ ಪಾಠ ತೆಗೆಯುವುದೇ ಮೂರ್ಖತನ. ತೆಗೆದದ್ದಾಗಿತ್ತು, ಸರಿಯಾಗಿಯಾದರೂ ತೆಗೆಯಬಾರದಿತ್ತೇ.

ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ಮನೆಗೆ ಬಂದು ಹೇಳಲಾಗಲಿಲ್ಲ. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ವಾರ ನುಂಗಿಕೊಂಡೆ. ಓದಿದವಳು ಎಂಬ ಕೋಡು ಮುರಿಯುವುದು ಸುಲಭವಲ್ಲ.

ಭಾನುವಾರ ಮಧ್ಯಾಹ್ನ ಊಟವಾಗಿತ್ತು. ಅವ್ವ ಕಿಟಕಿಯ ಹತ್ತಿರ ಮಾತ್ರೆ ಅಂಗೈಯಲ್ಲಿ ಹಿಡಿದುಕೊಂಡು, "ಯಾರಾದ್ರೂ ಒಸಿ ನೀರು ಕೊಡ್ರೀ" ಎಂದು ನನ್ನ ಕಡೆ ತಿರುಗಿ ಕೂಗಿದಳು. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಿಂದ ತಮ್ಮನ ಹೆಂಡತಿ, ಗಡಿ ನಿಯಮದ ಪ್ರಕಾರ ತಮಿಳಿನಲ್ಲಿ, "ತಣ್ಣಿ ವೇಣುಮಾ ತಂಗಂ?" ಎಂದು ಮಗುವನ್ನು ಕೇಳಿದಳು. ಒಂದು ಕಡೆಯಿಂದ ನೀರು, ಇನ್ನೊಂದು ಕಡೆಯಿಂದ ತಣ್ಣಿ. ನಡುವೆ ಹಲಗೆಯ ಮೇಲೆ ಕೂತಿದ್ದ ಮಗು ಆ ಕಡೆ ನೋಡಿತು, ಈ ಕಡೆ ನೋಡಿತು.

"ತಣ್ಣೀರು" ಎಂದಿತು.

ಪರದೆಯ ಆಚೆ ಏನೋ ಪಾತ್ರೆ ಬಿತ್ತು. ತಮ್ಮನ ಹೆಂಡತಿ ಎರಡು ಪದರ ಬಟ್ಟೆಯಲ್ಲಿ ದಾರಿ ಸಿಗದೆ ಒದ್ದಾಡಿ ಹೊರಗೆ ಬಂದಳು. "ತಮಿಳು" ಎಂದ ತಮ್ಮ. "ಸುದ್ದ ತಮಿಳು. ಬುಕ್ಕಲ್ಲಿ ಬರೆಯೋ ತಮಿಳು, ತಣ್ಣೀರ್." ನಾನು ಬಾಯಿಬಿಟ್ಟೆ. ತಣ್ಣೀರು ಕನ್ನಡದಲ್ಲೂ ಇದೆ, ಎರಡನ್ನೂ ಕೇಳಿ ಎರಡನ್ನೂ ಸೇರಿಸಿದೆ, ಗೊಂದಲ ಎಂದು ನಾನು ಅವತ್ತು ಹೇಳಿದ್ದು ತಪ್ಪು, ಪುಸ್ತಕದಲ್ಲೇ ಬೇರೆ ಥರ ಇದೆ ಎಂದು ವಾರದಿಂದ ನುಂಗಿದ್ದೆಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ಮಗು ಎದ್ದಿತ್ತು.

ತನ್ನ ಹೀರುಬಾಟಲಿಯನ್ನು ಹಿಡಿದುಕೊಂಡು, ಹಲಗೆ ಡಬ್ ಎನ್ನಿಸಿ, ಅಮ್ಮನ ಕಡೆ ಹೋಗದೆ ಬೀದಿಕೋಣೆಗೆ ಹೋಯಿತು. ನೀರು ಬೇಕಾಗಿದ್ದದ್ದು ಅದಕ್ಕಲ್ಲ. ಅವ್ವ ಕೇಳಿದ್ದಳು, ಅದಕ್ಕೆ ಕೇಳಿಸಿತ್ತು. ಬಾಟಲಿಯನ್ನು ಅವ್ವನ ಮುಂದೆ ಚಾಚಿ, "ತಣ್ಣೀರು" ಎಂದು ಇನ್ನೊಮ್ಮೆ ಹೇಳಿತು.

ಅವ್ವ ಬಾಟಲಿ ತೆಗೆದುಕೊಂಡಳು. ಮಗುವಿನ ತಲೆಯ ಮೇಲಿಂದ ತಮ್ಮನನ್ನು ನೋಡಿ ಕೇಳಿದಳು:

"ಇವಾಗ ನಾನು ಮಾತಾಡ್ಬೌದಾ ಸಾಮಿ?"

ನಾಲ್ಕು ತಿಂಗಳಾಗಿತ್ತು. ಮಂಡಿಯ ನೋವಿಗೂ ಒಂದು ದಿನವೂ ಅಳದವಳು, ಅನುಮತಿ ಕೇಳಿದಂತೆ ಕೇಳಿದಳು. ಸೀಮೆಸುಣ್ಣದ ಗೆರೆ ಹಾಕಿದ ನನ್ನ ಕೈಯನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯಲಿಲ್ಲ. ತಮ್ಮ ನಡುಮನೆಯಲ್ಲೇ ನಿಂತಿದ್ದ.

"ಮಾತಾಡವ್ವಾ" ಎಂದ.

ಅವ್ವ ಮಾತ್ರೆ ಬಾಯಿಗೆ ಹಾಕಿಕೊಂಡು ಬಾಟಲಿಯಿಂದ ಒಂದು ಗುಟುಕು ಹೀರಿದಳು. ಮುಖ ಕಿವುಚಿದಳು. ಮಗು ಬಾಟಲಿಯನ್ನು ಬಚ್ಚಲಿನ ನಲ್ಲಿಯಲ್ಲಿ ತಾನೇ ತುಂಬಿಕೊಂಡಿತ್ತು, ಬೋರಿನ ನೀರು. ಕುಡಿಯಲು ಬೆಟ್ಟದಿಂದ ಬರುವ ಸಿರುವಾಣಿಯ ಸಿಹಿನೀರು ಇರುವುದು ಅಡುಗೆಮನೆಯ ಕೊಡದಲ್ಲಿ. ನಾಲ್ಕು ತಿಂಗಳ ಮೇಲೆ ಅವ್ವ ಮೊಮ್ಮಗಳಿಗೆ ಹೇಳಿದ ಮೊದಲ ಮಾತು ಇದು:

"ಇದು ಉಪ್ಪುನೀರು ಕಣ್ಣು. ಓಗು, ಸಿರುವಾಣಿ ತಕ್ಕೊಂಬಾ."

ಮಗು ಬಾಟಲಿ ಎತ್ತಿಕೊಂಡು ಅಡುಗೆಮನೆಯ ಕಡೆ ಓಡಿತು. ತಮ್ಮ ಅದರ ಮುಂದೆ ಹೋಗಿ ಪರದೆಯನ್ನು ಎತ್ತಿ ಹಿಡಿದ.